ದುಂಡಕ್ಷರದ ಚೀಟಿ

ರಾಣೇಬೆನ್ನೂರು
೧೧ ನವೆಂಬರ್ ೨೦೨೪

ಚಿ. ಸೌ. ಮೃಣಾಲಿನಿಗೆ ಇಂದಿರಾಬಾಯಿ ಅತ್ತೆಯ ಆಶೀರ್ವಾದ.

ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಅದಕ್ಕೆ ಮನಸ್ಸು ಬಂದಾಗ ಮಾತ್ರ ಕೇಳಿಸುತ್ತದೆ. ಹೇಳಬೇಕಾದದ್ದು ಖಾರದ ಮಾತು. ಅರ್ಧ ಕೇಳಿ ಅರ್ಧ ಬಿಟ್ಟರೆ ಇಬ್ಬರಿಗೂ ಕಷ್ಟ. ಅದಕ್ಕೇ ಈ ಕಾಗದ. ನಿನ್ನ ಗಂಡನನ್ನು, ತಾಯಿಯಿಲ್ಲದ ಆನಂದತೀರ್ಥನನ್ನು, ಬೆಳೆಸಿದ ಸೋದರತ್ತೆ ಎಂಬ ಸಲಿಗೆಯಿಂದ ಬರೆಯುತ್ತಿದ್ದೇನೆ.

ದೀಪಾವಳಿಗೆ ಬ್ಯಾಡಗಿಗೆ ಬಂದು ನಿಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದೆ. ಹೋಳಿಗೆ ಚೆನ್ನಾಗಿತ್ತು. ಉಳಿದದ್ದು ಚೆನ್ನಾಗಿರಲಿಲ್ಲ.

ಪಡಸಾಲೆಯ ಗೋಡೆಗೆ ಬಣ್ಣಬಣ್ಣದ ಟೈಮ್‌ಟೇಬಲ್ ಅಂಟಿಸಿದ್ದೀಯಲ್ಲ, ಅದರ ಮುಂದೆ ನಿಂತು ಎಣಿಸಿದೆ. ಹದಿನಾಲ್ಕು ವಿಷಯ. ಅಬಾಕಸ್, ಫೋನಿಕ್ಸ್, ಕೋಡಿಂಗ್, ರೊಬೊಟಿಕ್ಸ್, ಫ್ರೆಂಚ್, ಇನ್ನೂ ಏನೇನೋ. ‘ಮೈಂಡ್‌ಫುಲ್‌ನೆಸ್’ ಅಂದರೇನು ಎಂದು ಕೇಳಿದ್ದಕ್ಕೆ ನೀನು ಹೇಳಿದೆ, "ಸುಮ್ನ ಕಣ್ಣು ಮುಚ್ಚಿ ಕೂಡೂದ್ರಿ ಅತ್ತೆ." ಆರು ವರ್ಷದ ಕೂಸಿಗೆ ಸುಮ್ಮನೆ ಕೂಡುವುದಕ್ಕೂ ಒಂದು ಪಿರಿಯಡ್ಡು! ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆ ಎಂದಾಗ ನಾನು ಒಳಗೊಳಗೇ ಹಿಗ್ಗಿದ್ದೆ. ಈಗ ನೋಡಿದರೆ ನೀನು ಶಾಲೆ ಬಿಡಿಸಿಲ್ಲ, ಹದಿನಾಲ್ಕು ಶಾಲೆಗಳನ್ನು ಮನೆಯೊಳಗೆ ತಂದು ಹೊಗಿಸಿದ್ದೀ.

ನೀನು ಅಡುಗೆಮನೆಯಲ್ಲಿದ್ದಾಗ ಧನಶ್ರೀಯನ್ನು ಕ್ಯಾಲೆಂಡರಿನ ಮುಂದೆ ನಿಲ್ಲಿಸಿ, "ಇದು ಯಾವ ತಿಂಗಳು, ಓದು ನೋಡೋಣ" ಅಂದೆ. ಅವಳು ಕ್ಯಾಲೆಂಡರ್ ನೋಡಲಿಲ್ಲ, ನನ್ನ ಬಾಯಿ ನೋಡಿದಳು. "ಮೊದ್ಲು ನೀವು ಹೇಳ್ರಿ, ಆಮ್ಯಾಲೆ ನಾ ಹೇಳ್ತೀನಿ" ಎಂದಳು. ಮೂವತ್ತನಾಲ್ಕು ವರ್ಷ ಒಂದನೇ ತರಗತಿಗೆ ಪಾಠ ಮಾಡಿದವಳು ನಾನು. ಆ ಹುಡುಗಿಗೆ ಒಂದು ಅಕ್ಷರ ಬರುವುದಿಲ್ಲ ಮೃಣಾಲಿನಿ. ಬಾಯಿಪಾಠ ಮಾತ್ರ ಬರುತ್ತದೆ.

ಇಲ್ಲಿಗೆ ಬಂದ ಮೇಲೆ ಕೆಳಗಿನ ಮನೆಯ ಶೈಲಾ ತನ್ನ ಮೊಬೈಲಿನಲ್ಲಿ ನಿನ್ನ ವಿಡಿಯೋ ತೋರಿಸಿದಳು. ಕೂಸಿಗೆ ಗಗನಯಾತ್ರಿಯ ಬಿಳಿ ಕವಚ ತೊಡಿಸಿ ಗ್ರಹಗಳ ಹೆಸರು ಹೇಳಿಸಿದ್ದೀ. ನನಗೆ ಕೇಳಿಸಲಿಲ್ಲ, ಆದರೆ ಕಾಣಿಸಿತು. ಪ್ರತಿ ಹೆಸರಿಗೂ ಅವಳ ಕಣ್ಣು ಪಕ್ಕಕ್ಕೆ, ನೀನು ನಿಂತ ಕಡೆಗೆ ಹೋಗುತ್ತಿತ್ತು. ಅದರ ಕೆಳಗೆ ಸಾವಿರಾರು ಜನ ಹೃದಯದ ಚಿತ್ರ ಒತ್ತಿದ್ದಾರಂತೆ. ನಾನು ಮೊಬೈಲು ಮರಳಿ ಕೊಟ್ಟು ಕೈ ತೊಳೆದುಕೊಂಡೆ.

ಇನ್ನೊಂದು ಸಂಗತಿಯನ್ನೂ ಕಂಡೆ. ಹೆಂಗಸರ ನಡುವೆಯೂ ಬರೆಯಲು ಹೇಸಿಗೆಯಾಗುವಂಥದ್ದು. ಅದನ್ನು ಬಿಡುತ್ತೇನೆ.

ಇಂದಿರಾಬಾಯಿ


ಬ್ಯಾಡಗಿ
೨೪ ನವೆಂಬರ್ ೨೦೨೪

ಮಾತೃಸಮಾನರಾದ ಅತ್ತೆಯವರಿಗೆ ಮೃಣಾಲಿನಿಯ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಹೋಳಿಗೆ ನಿಮಗೆ ಹಿಡಿಸಿದ್ದು ಸಂತೋಷ.

ಈಗಿನ ಮಕ್ಕಳ ಮೆದುಳು ಏಳು ವರ್ಷದೊಳಗೆ ಎಷ್ಟು ಹೀರಿಕೊಳ್ಳುತ್ತದೋ ಅಷ್ಟೇ ಜೀವಮಾನಕ್ಕೆ ಎಂದು ನಾನು ಸೇರಿರುವ ತಾಯಂದಿರ ಗುಂಪಿನಲ್ಲಿ ಹೇಳುತ್ತಾರೆ. ಆ ಗುಂಪಿನವರೆಲ್ಲ ಓದಿದವರು. ಒಬ್ಬರ ಮಗ ಐದು ವರ್ಷಕ್ಕೇ ಪ್ರೋಗ್ರಾಮ್ ಬರೆಯುತ್ತಾನೆ. ನೀವು ಕಲಿಸಿದ ಕಾಲದಲ್ಲಿ ಪಾಟಿ, ಬಳಪ ಸಾಕಾಗುತ್ತಿತ್ತು. ಈಗ ಸಾಲದು. ಧನಶ್ರೀಗೆ ಸೌರಮಂಡಲ ಗೊತ್ತಿದೆ, ಇಪ್ಪತ್ತೆರಡು ದೇಶಗಳ ಧ್ವಜ ಗೊತ್ತಿದೆ. ಅಕ್ಷರ ತಾನಾಗಿಯೇ ಬರುತ್ತದೆ, ಒತ್ತಾಯ ಮಾಡಬಾರದು ಎಂದು ಕೋರ್ಸಿನವರೇ ಹೇಳಿದ್ದಾರೆ.

ಶಾಲೆ ಬಿಡಿಸಿದ್ದು ಯಾಕೆಂದು ನೀವು ಮನೆಗೆ ಬಂದಾಗ ಕೇಳಿದಿರಿ. ಅಲ್ಲಿನ ಪದ್ಧತಿ ಸರಿಯಿರಲಿಲ್ಲ. ಅಷ್ಟೇ.

ನೀವು ಹೋದ ವಾರದಲ್ಲೇ ನಿಮ್ಮ ಆನಂದ ಒಂದು ವಾಯಿದೆ ಹಾಕಿದ್ದಾರೆ. ವಕೀಲರಲ್ಲವೇ, ಮನೆಯಲ್ಲೂ ಅದೇ ಭಾಷೆ. "ಜೂನ್ ಒಂದರ ತನಕಾ ನೋಡ್ತೀನಿ. ಅಷ್ಟರಾಗ ಓದ್ಲಿಕ್ಕೆ, ಬರೀಲಿಕ್ಕೆ, ನೂರರ ತನಕಾ ಎಣಸ್ಲಿಕ್ಕೆ ಬರ್ಲಿಲ್ಲಂದ್ರ ಹಾವೇರಿ ಹಾಸ್ಟೆಲ್ ಸಾಲಿಗೆ ಹಾಕೂದು" ಎಂದರು. ತಿಂಗಳಿಗೆ ಒಂದು ಭಾನುವಾರ ಮಾತ್ರ ತಾಯಿ ತಂದೆ ನೋಡಬಹುದಾದ ಶಾಲೆಯಂತೆ. ಏಳು ತುಂಬದ ಕೂಸು! ರಾತ್ರಿ ನನ್ನ ಸೆರಗು ಹಿಡಿಯದೆ ಮಲಗದ ಕೂಸು. ಇವರ ತಲೆಯಲ್ಲಿ ಇದನ್ನು ಯಾರು ತುಂಬಿದರೋ ಗೊತ್ತಿಲ್ಲ. ನೀವು ಒಂದು ಮಾತು ಹೇಳಿದರೆ ಕೇಳುತ್ತಾರೆ.

ನಿಮ್ಮ
ಮೃಣಾಲಿನಿ


ರಾಣೇಬೆನ್ನೂರು
೬ ಡಿಸೆಂಬರ್ ೨೦೨೪

ಚಿ. ಸೌ. ಮೃಣಾಲಿನಿಗೆ ಆಶೀರ್ವಾದ.

ಹಾಸ್ಟೆಲ್ಲಿನ ವಿಷಯ ಗಂಡ ಹೆಂಡತಿಯದು. ನಡುವೆ ನಾನು ಬಾಯಿ ಹಾಕುವುದಿಲ್ಲ.

ಅಕ್ಷರ ತಾನಾಗಿ ಬರುತ್ತದೆ ಎಂದು ಹೇಳಿದವನನ್ನು ನನ್ನ ಮುಂದೆ ಕೂಡಿಸು. ಜ್ವರ ತಾನಾಗಿ ಬರುತ್ತದೆ, ಅಕ್ಷರ ಬರುವುದಿಲ್ಲ. ಕೂಸಿನ ಪಕ್ಕದಲ್ಲಿ ಒಬ್ಬರು ದಿನಾ ಕೂಡಬೇಕು. ನಾನು ಗಳಗನಾಥದ ಶಾಲೆಯಲ್ಲಿ ಕೆಲಸಕ್ಕೆ ಸೇರಿದಾಗ ಕರಿಹಲಗೆಯೂ ಇರಲಿಲ್ಲ. ನದಿಯಿಂದ ಒಂದು ಬುಟ್ಟಿ ಉಸುಕು ತರಿಸಿ ನೆಲದ ಮೇಲೆ ಹರವಿ ಬೆರಳಿನಿಂದ ತಿದ್ದಿಸಿದೆ. ಆ ಮಕ್ಕಳು ಓದಿದರು. ಅವರಲ್ಲಿ ಒಬ್ಬರಿಗೂ ಧ್ವಜ ಗೊತ್ತಿರಲಿಲ್ಲ.

ಈಗ ನಾನು ಹೇಳಿದ ಹಾಗೆ ಮಾಡು. ಗೋಡೆಯ ಮೇಲಿನದನ್ನು ಕಿತ್ತು ಹಾಕು. ಮುಂಜಾನೆ ಅವಲಕ್ಕಿ ತಿಂದ ಮೇಲೆ ಅರ್ಧ ತಾಸು ಓದು, ಕಾಲು ತಾಸು ಬರಹ, ಅರ್ಧ ತಾಸು ಎಣಿಕೆ. ಮುಗಿಯಿತು. ಬಾಗಿಲು ತೆರೆದು ಹೊರಗೆ ಬಿಡು. ಸಂಜೆ ಒಂದು ಕಥೆ ಹೇಳು, ಅದರಿಂದ ನೀತಿ ಗೀತಿ ಹಿಂಡಬೇಡ. ಇಷ್ಟಕ್ಕೆ ದುಡ್ಡು ಬೇಕಿಲ್ಲ, ಕೋರ್ಸು ಬೇಕಿಲ್ಲ, ಕ್ಯಾಮೆರಾವಂತೂ ಬೇಡವೇ ಬೇಡ.

ಇದರ ಜೊತೆ ನಲವತ್ತು ಚೀಟಿ ಇಟ್ಟಿದ್ದೇನೆ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಕತ್ತರಿಸಿ ಮಾಡಿದ್ದು. ಒಂದೊಂದರ ಮೇಲೆ ನಿಮ್ಮ ಮನೆಯದೇ ಒಂದು ಮಾತು ಬರೆದಿದ್ದೇನೆ. ಹಾಲು, ಬೆಲ್ಲ, ಮಂಚ, ಅಪ್ಪ, ಗಡಿಯಾರ. ನನ್ನ ಕೈಬರಹ ಗೊತ್ತಲ್ಲ, ಹಲಗೆಯ ಮೇಲೆ ಮಕ್ಕಳಿಗೆ ಬರೆದು ಬರೆದು ದುಂಡಗಾದದ್ದು. ಕಿರಾಣಿ ಚೀಟಿ ಬರೆದರೂ ಹಾಗೇ ಬರುತ್ತದೆ. ದಿನಕ್ಕೆ ಐದು ಚೀಟಿ. ಆರನೆಯದನ್ನು ಅವಳು ಕೇಳಿದರೂ ಕೊಡಬೇಡ. ಬಾಯಿಪಾಠ ಮಾಡುತ್ತಾಳೆಂದು ಅನಿಸಿದರೆ ಕಲಸಿ ಹಾಕು.

ಇಂದಿರಾಬಾಯಿ


ಬ್ಯಾಡಗಿ
೧೯ ಜನವರಿ ೨೦೨೫

ಅತ್ತೆಯವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಸಿಟ್ಟು ಇಳಿಯಲೆಂದು ಕಾಯ್ದೆ. ಪೂರ್ತಿ ಇಳಿದಿಲ್ಲ.

ಹದಿನಾಲ್ಕರಲ್ಲಿ ಎಂಟು ವಿಷಯ ತೆಗೆದಿದ್ದೇನೆ. ಉಳಿದ ಆರಕ್ಕೆ ವರ್ಷದ ಫೀ ಕಟ್ಟಿಯಾಗಿದೆ, ಅವನ್ನು ಹೇಗೆ ಬಿಡುವುದು? ಚೀಟಿಗಳನ್ನು ತೋರಿಸಿದರೆ ಮೊದಲ ವಾರ ಅತ್ತಳು. ಎರಡನೇ ವಾರ ‘ಹಾಲು’ ಚೀಟಿಯನ್ನು ಹಾಲಿನಲ್ಲೇ ಅದ್ದಿದಳು. ಈಗ ಹನ್ನೊಂದು ಗುರುತಿಸುತ್ತಾಳೆ. ಕಲಸಿ ಹಾಕಿದರೂ ಗುರುತಿಸುತ್ತಾಳೆ. ಇದನ್ನು ನಿಮಗೆ ಹೇಳಬಾರದು ಅಂದುಕೊಂಡಿದ್ದೆ.

ಆದರೆ ಕೇಳಿ, ಇನ್ನೊಂದು ತಾಪತ್ರಯ. ಮೆಣಸಿನಕಾಯಿ ಸೀಜನ್ ಶುರುವಾಗಿದೆ. ಊರೆಲ್ಲ ಘಾಟು. ನಮ್ಮ ಮನೆಯೆದುರಿನ ಬಯಲಿನಲ್ಲಿ ಪ್ರೇಮವ್ವ ಎಂಬಾಕೆ ಏಳೆಂಟು ಹೆಂಗಸರನ್ನು ಕೂಡಿಸಿಕೊಂಡು ತೊಟ್ಟು ಬಿಡಿಸುತ್ತಾಳೆ. ನೀವು ಹೇಳಿದಿರೆಂದು ಬಾಗಿಲು ತೆರೆದದ್ದೇ ತಪ್ಪಾಯಿತು. ಈ ಹುಡುಗಿ ಓಡಿ ಹೋಗಿ ಆ ಕೆಂಪು ರಾಶಿಯ ಪಕ್ಕ ಕೂಡುತ್ತಾಳೆ. ಅವರೆಲ್ಲ ಸೀನುತ್ತಾರೆ, ಉಗುಳುತ್ತಾರೆ, ಅದೇ ಕೈಯಲ್ಲಿ ಎಲೆ ಅಡಿಕೆ ಹಾಕುತ್ತಾರೆ. ನನಗೆ ನೋಡಲಾಗುವುದಿಲ್ಲ. ಮೊನ್ನೆ ಕೈ ಉರಿ ಎಂದು ಅಳುತ್ತ ಬಂದಳು. ನಾನು ಪ್ರೇಮವ್ವನನ್ನು ಕರೆದು ಕೇಳಿದೆ. ಆಕೆ ನಕ್ಕು, "ನಾ ಮುಟ್ಟಬ್ಯಾಡ ಅಂದಿದ್ನಿ ಬಾಯಾರ. ಎಣಿಸೂದಷ್ಟ ನಿಂದು, ಬಿಡಿಸೂದು ನಂದು ಅಂತ ಹೇಳೇನಿ. ಕೂಸು ಕೇಳಬೇಕಲ್ಲ" ಅಂದಳು. ಎಣಿಸುವುದೇನು ಎಂದು ನಾನು ಕೇಳಲಿಲ್ಲ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಗಿಲು ಹಾಕಿದ್ದೇನೆ.

ಮೃಣಾಲಿನಿ


ರಾಣೇಬೆನ್ನೂರು
೧ ಫೆಬ್ರುವರಿ ೨೦೨೫

ಮೃಣಾಲಿನಿಗೆ,

ಬಾಗಿಲು ಹಾಕಿದೆಯಾ! ಊರಲ್ಲಿರುವ ಒಬ್ಬಳೇ ಒಬ್ಬ ಒಳ್ಳೆಯ ಮೇಡಂ ಮನೆಯೆದುರು ಕೂತಿದ್ದಾಳೆ, ನೀನು ಬಾಗಿಲು ಹಾಕಿದೆ. ಆಕೆ ಎಣಿಸಲು ಏನು ಕೊಡುತ್ತಾಳೆಂದು ಹೋಗಿ ಕೇಳು. ಬಿಡಿಸಿದ ಕಾಯಿ ಹತ್ತಾದರೆ ಒಂದು ಗುಪ್ಪೆ, ಹತ್ತು ಗುಪ್ಪೆಯಾದರೆ ಒಂದು ಸಾಲು, ಹೀಗೇ ಏನೋ ಇರುತ್ತದೆ. ಕೈಗೆ ಹಳೆಯ ಬಟ್ಟೆ ಸುತ್ತಿ ಕಳಿಸು. ಅಬಾಕಸ್ಸಿನ ಮಣಿಯನ್ನು ಅಟ್ಟಕ್ಕೆ ಹಾಕು.

ನಿನಗೆ ಆ ಹೆಂಗಸರ ಕೈ ಕೊಳಕಾಗಿ ಕಾಣುತ್ತದೆ. ನನಗೆ ಕೊಳಕಾಗಿ ಕಾಣುವುದು ಬೇರೆ. ಮಗುವನ್ನು ಗೊಂಬೆ ಮಾಡಿ, ಬಣ್ಣ ಬಳಿದು, ಊರಿಗೆಲ್ಲ ತೋರಿಸಿ, ಹೃದಯದ ಚಿತ್ರ ಲೆಕ್ಕ ಮಾಡುವುದು. ನಾನು ಇದನ್ನು ನೇರವಾಗಿ ಕೇಳುತ್ತೇನೆ, ನೀನು ನೇರವಾಗಿ ಉತ್ತರ ಕೊಡು. ಶಾಲೆ ಬಿಡಿಸಿದ್ದು ಕೂಸಿಗಾಗಿಯೋ, ವಿಡಿಯೋಗಾಗಿಯೋ?

ಇಂದಿರಾಬಾಯಿ


ಬ್ಯಾಡಗಿ
೧೨ ಫೆಬ್ರುವರಿ ೨೦೨೫

ಅತ್ತೆಯವರಿಗೆ,

ನೇರವಾಗಿಯೇ ಬರೆಯುತ್ತೇನೆ.

ಹೋದ ಜುಲೈ ತಿಂಗಳು. ಒಂದನೇ ತರಗತಿಗೆ ಸೇರಿಸಿ ಆರು ವಾರವಾಗಿತ್ತು. ಕ್ಲಾಸಿನಲ್ಲಿ ಐವತ್ತೆರಡು ಮಕ್ಕಳು. ಹೊರಗೆ ಹೋಗಬೇಕಾದರೆ ಇಂಗ್ಲಿಷಿನಲ್ಲೇ ಕೇಳಬೇಕೆಂಬ ನಿಯಮ. ಧನಶ್ರೀಗೆ ಆ ವಾಕ್ಯ ನೆನಪಾಗಲಿಲ್ಲ. ಕನ್ನಡದಲ್ಲಿ ಕೇಳಿದಳು, ಟೀಚರು ಬಿಡಲಿಲ್ಲ. ಬೆಂಚಿನ ಮೇಲೇ ಮಾಡಿಕೊಂಡಳು. ಹನ್ನೊಂದು ಗಂಟೆಯಿಂದ ಮೂರೂವರೆಯವರೆಗೆ ಅದರಲ್ಲೇ ಕೂಡಿಸಿದರು. ಪಕ್ಕದ ಮಕ್ಕಳನ್ನು ದೂರ ಕೂಡಿಸಿದರು. ಊಟದ ಡಬ್ಬಿ ತೆರೆಯಲು ಬಿಡಲಿಲ್ಲ, ವಾಸನೆ ಬರುತ್ತದೆಂದು.

ನಾನು ಕರೆಯಲು ಹೋದೆ. ಗೇಟಿನ ಹತ್ತಿರ ಬೇರೆ ತಾಯಂದಿರು ನಿಂತಿದ್ದರು. ಇವಳು ಓಡಿ ಬಂದು ನನ್ನ ಕಾಲಿಗೆ ತೆಕ್ಕೆ ಬಿದ್ದಳು. ನಾನು ಮೂಗು ಮುಚ್ಚಿಕೊಂಡೆ ಅತ್ತೆ. ಮುಚ್ಚಿಕೊಂಡು ಇನ್ನೊಂದು ಕೈಯಿಂದ ಅವಳನ್ನು ದೂರ ಹಿಡಿದೆ. "ಛೀ, ಇದೇನ ಧನು, ಎಲ್ಲಾರೂ ನೋಡ್ಲಿಕತ್ತಾರ" ಅಂದೆ. ಅವಳು ನನ್ನ ಮುಖ ನೋಡಿದಳು. ಆ ಟೀಚರಿನ ಮೇಲೆ ನನಗೆ ಹೇಸಿಗೆಯಿದೆ. ಅದಕ್ಕಿಂತ ಹೆಚ್ಚು ನನ್ನ ಈ ಕೈಯ ಮೇಲಿದೆ.

ಅಂದಿನಿಂದ ಅವಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ. ಹಗಲೂ ಕೆಲವು ಸಲ. ಆನಂದರಿಗೆ ಶಾಲೆಯ ಸಂಗತಿ ಹೇಳಿಲ್ಲ. ಹೇಳಿದರೆ ಕೇಸು ಹಾಕುತ್ತಾರೆ, ಕೂಸನ್ನು ಸಾಕ್ಷಿಗೆ ನಿಲ್ಲಿಸುತ್ತಾರೆ. ನೀವು ದೀಪಾವಳಿಗೆ ಬಂದಾಗ ದಿನಾ ಊದುಬತ್ತಿ ಹಚ್ಚಿಟ್ಟು ಮುಚ್ಚಿಟ್ಟೆ. ಆ ಹದಿನಾಲ್ಕು ವಿಷಯ, ಆ ವಿಡಿಯೋ ಎಲ್ಲ ಯಾಕೆಂದು ಕೇಳಿದಿರಿ. ಆ ಗೇಟಿನ ಹತ್ತಿರ ನಿಂತ ಹೆಂಗಸರು ನನ್ನ ಮಗಳನ್ನು ಬೇರೆ ಥರ ನೋಡಲಿ ಎಂದು. ಇಷ್ಟೇ ನೇರವಾದ ಉತ್ತರ.

ನಿನ್ನೆ ಗೋಡೆಯ ಮೇಲಿನದನ್ನು ಕಿತ್ತೆ. ವಿಡಿಯೋಗಳನ್ನೆಲ್ಲ ಅಳಿಸಿದೆ. ಕೈಗೆ ಬಟ್ಟೆ ಸುತ್ತಿ ಪ್ರೇಮವ್ವನ ಹತ್ತಿರ ಕಳಿಸಿದೆ.

ಮೃಣಾಲಿನಿ


ರಾಣೇಬೆನ್ನೂರು
೧೦ ಮಾರ್ಚ್ ೨೦೨೫

ಪ್ರೀತಿಯ ಮೃಣಾಲಿನಿಗೆ,

ಉತ್ತರ ತಡವಾಯಿತು. ಬಲಗೈ ನೋಯುತ್ತಿತ್ತು.

ಮುಂದಿನ ಅರವತ್ತು ಚೀಟಿ ಇಟ್ಟಿದ್ದೇನೆ. ಇವುಗಳಲ್ಲಿ ಪೂರ್ತಿ ವಾಕ್ಯಗಳಿವೆ. ‘ಅಪ್ಪ ಕೋರ್ಟಿಗೆ ಹೋದರು.’ ‘ಪ್ರೇಮವ್ವ ಸೀನಿದಳು.’ ಚೀಟಿಯ ಹೊರತಾಗಿ ಮನೆಯಲ್ಲಿ ಎಲ್ಲೆಲ್ಲಿ ಅಕ್ಷರ ಕಂಡರೂ ಓದಲಿ, ಬೇಳೆಯ ಪಾಕೀಟು, ಔಷಧದ ಬಾಟಲಿ, ಯಾರದೋ ಲಗ್ನಪತ್ರಿಕೆ. ತಡೆಯಬೇಡ.

ಹಾಸಿಗೆ ಒದ್ದೆಯಾದರೆ ಮಾತಿಲ್ಲದೆ ಬಟ್ಟೆ ಬದಲಿಸು. ಮುಖ ಕಿವುಚಬೇಡ, ಸಮಾಧಾನವನ್ನೂ ಹೇಳಬೇಡ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಇಂಥ ಮೂರು ನಾಲ್ಕು ಮಕ್ಕಳಿರುತ್ತಿದ್ದರು. ನಾನು ಬೀರುವಿನಲ್ಲಿ ಒಣ ಚಡ್ಡಿ ಇಟ್ಟಿರುತ್ತಿದ್ದೆ. ಇಷ್ಟು ಗೊತ್ತಿದ್ದವಳಿಗೆ ನಿಮ್ಮ ಮನೆಯಲ್ಲಿ ಏನೂ ಹೊಳೆಯಲಿಲ್ಲ ನೋಡು.

ಹಾಸ್ಟೆಲ್ಲು ಬೇಡವೆಂದು ಆನಂದನಿಗೆ ಪ್ರತ್ಯೇಕ ಕಾಗದ ಬರೆದಿದ್ದೇನೆ.

ಇಂದಿರಾಬಾಯಿ


ಬ್ಯಾಡಗಿ
೩ ಏಪ್ರಿಲ್ ೨೦೨೫

ಪ್ರೀತಿಯ ಅತ್ತೆಯವರಿಗೆ ಧನಶ್ರೀಯ, ನನ್ನ ನಮಸ್ಕಾರಗಳು.

ಯುಗಾದಿ ಚೆನ್ನಾಗಿ ಆಯಿತು. ನಿಮ್ಮ ನೂರು ಚೀಟಿಯನ್ನೂ ಓದುತ್ತಾಳೆ! ಮೂರು ವಾರದಿಂದ ಹಾಸಿಗೆ ಒಣಗಿದೆ. ನೀವು ಊಹಿಸಿದ್ದು ಖರೆ, ಪ್ರೇಮವ್ವನದು ಹತ್ತರ ಲೆಕ್ಕ. ಮೊನ್ನೆ ಇವಳು ಒಳಗೆ ಓಡಿ ಬಂದು, "ಅಮ್ಮಾ, ಹತ್ತು ಗುಪ್ಪಿ ಅಂದ್ರ ನೂರು, ನೂರಕ್ಕ ಇನ್ನೊಂದ್ ಕಾಯಿ ಹಾಕಿದ್ರ ಏನು? ಪ್ರೇಮವ್ವ ಮುಂದಿಂದು ನಿಮ್ಮವ್ವನ್ನ ಕೇಳು ಅಂದ್ಳು" ಎಂದಳು. ನೂರಾ ಒಂದು ಎಂದೆ. ಅಷ್ಟಕ್ಕೇ ಕುಣಿದಳು. ದಿನಕ್ಕೆ ಒಂದೂಕಾಲು ತಾಸು ಪಾಠ, ಅದಕ್ಕಿಂತ ಹೆಚ್ಚಿಲ್ಲ. ಇಷ್ಟು ಸುಲಭದ್ದನ್ನು ನಾನು ಅಷ್ಟು ಕಗ್ಗಂಟು ಮಾಡಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಗುತ್ತದೆ.

ಒಂದೇ ಚಿಂತೆ. ಇವರು ನಿಮ್ಮ ಕಾಗದ ಓದಿದರು. "ಇದು ಯಾರೋ ಹೇಳಿ ಬರಿಸಿದ್ದು. ಕೋರ್ಟಿನ್ಯಾಗ ಮೊದಲನೇ ಹೇಳಿಕೆನೇ ಖರೇ, ಎರಡನೇದು ಯಾವಾಗ್ಲೂ ದಬಾಯಿಸಿ ಬರಿಸಿದ್ದಿರ್ತದ" ಎಂದರು. ಮೊದಲನೇ ಹೇಳಿಕೆ ಯಾವುದು, ಯಾರದು ಎಂದರೆ ಫೈಲು ಎತ್ತಿಕೊಂಡು ಕೋರ್ಟಿಗೆ ಹೊರಟುಬಿಟ್ಟರು. ಹಾವೇರಿಯಲ್ಲಿ ಸೀಟು ಕೂಡ ಆಗಿದೆಯಂತೆ. ನೀವು ಒಮ್ಮೆ ಬಂದು ಎದುರಿಗೇ ಹೇಳಿರಿ. ಈ ಮನೆಯಲ್ಲಿ ನಮ್ಮ ಕಡೆಯವರು ನೀವೊಬ್ಬರೇ.

ನಿಮ್ಮ
ಮೃಣಾಲಿನಿ


ಬ್ಯಾಡಗಿ
೨೧ ಏಪ್ರಿಲ್ ೨೦೨೫

ಅತ್ತೆಯವರಿಗೆ,

ನಿಮ್ಮಿಂದ ಉತ್ತರವಿಲ್ಲ. ಆರೋಗ್ಯವಾಗಿದ್ದೀರಾ? ಶೈಲಾಳ ಮೊಬೈಲಿಗೆ ಮಾಡಿದ್ದೆ, "ಆರಾಮ ಅದಾರ್ರಿ, ನಿಮ್ಮ ಕಾಗದಾ ಮುಂದಿಟ್ಕೊಂಡು ಸುಮ್ನ ಕುಂತಿರ್ತಾರ" ಎಂದಳು. ವಾಯಿದೆಗೆ ನಲವತ್ತು ದಿನ ಉಳಿದಿದೆ. ಬನ್ನಿ.

ಮೃಣಾಲಿನಿ


ಬ್ಯಾಡಗಿ
೨೮ ಏಪ್ರಿಲ್ ೨೦೨೫

ಇಂದಿರಾಬಾಯಿಯವರಿಗೆ,

ನಿನ್ನೆ ಮುಂಜಾನೆ ನಾನು ಚಪಾತಿ ಲಟ್ಟಿಸುತ್ತಿದ್ದೆ. ಧನಶ್ರೀ ಒಂದು ಹಾಳೆ ಹಿಡಿದುಕೊಂಡು ಬಂದಳು. "ಅಮ್ಮಾ, ಅಜ್ಜಿ ದೊಡ್ಡ ಚೀಟಿ ಕಳಿಸ್ಯಾಳ. ಅಪ್ಪನ ನೀಲಿ ಫೈಲಿನ್ಯಾಗಿತ್ತು. ಓದ್ಲಾ?" ಎಂದಳು. ಅಕ್ಷರ ಕಂಡಲ್ಲೆಲ್ಲ ಓದಲಿ ಎಂದು ನೀವೇ ಬರೆದಿದ್ದಿರಿ. ಓದು ಎಂದೆ. ನನ್ನ ಕಣ್ಣು ಕಾವಲಿಯ ಮೇಲಿತ್ತು.

ಎಷ್ಟು ಚೆನ್ನಾಗಿ ಓದಿದಳು ಗೊತ್ತೇ? ನಿಮ್ಮ ದುಂಡಕ್ಷರ, ಅವಳಿಗೆ ಒಂದೂ ತಡೆಯಲಿಲ್ಲ. "ಚಿರಂಜೀವಿ ಆನಂದನಿಗೆ. ಧನಶ್ರೀಯನ್ನು ನೋಡಿ ನನಗೆ ಹೇಸಿಗೆ ಬಂತು." ನಾನು ಓದಿನ ಓಟವನ್ನೇ ಕೇಳುತ್ತಿದ್ದೆ, ಅರ್ಥ ಒಳಗೆ ಇಳಿದಿರಲಿಲ್ಲ. "ಶಾಣ್ಯಾ, ಮುಂದ ಓದು" ಅಂದೆ. ಇದನ್ನು ನಾನೇ ಅಂದೆ. ಅವಳು ಮುಂದೆ ಓದಿದಳು. "ಆರು ವರ್ಷದ ಹುಡುಗಿ ಉಚ್ಚೆ ನಾರುತ್ತಾಳೆ. ತಾಯಿಗೆ ಮೂಗಿಲ್ಲ, ಕ್ಯಾಮೆರಾ ಮಾತ್ರ ಇದೆ. ಇವಳ ಕೈಯಿಂದ ಹುಡುಗಿಯನ್ನು ಬಿಡಿಸು. ಹಾವೇರಿಯಲ್ಲಿ ಹಾಸ್ಟೆಲ್ ಶಾಲೆ ನಡೆಸುವ ಶಿವಾನಂದ ನನ್ನ ಹಳೆಯ ವಿದ್ಯಾರ್ಥಿ. ಸೀಟಿಗೆ ನಾನೇ ಅವನಿಗೆ ಬರೆಯುತ್ತೇನೆ."

ತಾರೀಖು ನವೆಂಬರ್ ಐದು. ನನಗೆ ಮೊದಲ ಕಾಗದ ಬರೆಯುವ ಆರು ದಿನ ಮುಂಚೆ.

ನಾನು ತಿರುಗಿ ಹಾಳೆ ಕಸಿದುಕೊಳ್ಳುವಷ್ಟರಲ್ಲಿ ಅವಳಿಗೆ ತಿಳಿದಿತ್ತು. "ನಾರುತ್ತಾಳೆ ಅಂದ್ರ ವಾಸನಿನಾ ಅಮ್ಮಾ? ನಾನಾ?" ಎಂದಳು. ಆಮೇಲೆ ತನ್ನ ಫ್ರಾಕಿನ ತುದಿಯನ್ನು ಮೂಗಿಗೆ ಹಿಡಿದು ನೋಡಿದಳು. ಅವಳು ಬದುಕಿನಲ್ಲಿ ಮೊದಲ ಸಲ ತಾನಾಗಿ, ಯಾರೂ ಹೇಳಿಕೊಡದೆ ಓದಿದ್ದು ಇದು.

ನಾನು ನನ್ನ ಕೈಯ ಹೇಸಿಗೆಯನ್ನು ನಿಮಗೆ ತೆರೆದು ತೋರಿಸಿದೆ. ನೀವು ನಿಮ್ಮದನ್ನು ಬಚ್ಚಿಟ್ಟುಕೊಂಡು ನನಗೆ ಚೀಟಿ ಕಳಿಸಿದಿರಿ. ‘ಗಂಡ ಹೆಂಡತಿಯ ವಿಷಯ, ನಾನು ಬಾಯಿ ಹಾಕುವುದಿಲ್ಲ’ ಎಂದು ಬರೆಯಲು ನಿಮಗೆ ಕೈಯಾದರೂ ಹೇಗೆ ಬಂತು?

ಮೃಣಾಲಿನಿ


ರಾಣೇಬೆನ್ನೂರು
೬ ಮೇ ೨೦೨೫

ಮೃಣಾಲಿನಿ,

ಬರೆದದ್ದು ನಾನೇ. ಸಮಜಾಯಿಷಿ ಇಲ್ಲ.

ಆ ನಾಲ್ಕು ದಿನ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡರೆ ವಾಸನೆ ಬರುತ್ತಿತ್ತು. ನಾನು ಕೆಳಗಿಳಿಸುತ್ತಿದ್ದೆ. ಯಾಕೆ ಎಂದು ಕೇಳಲಿಲ್ಲ. ತಪ್ಪೆಲ್ಲ ನಿನ್ನದೇ ಎಂದು ಬಸ್ಸಿನಲ್ಲಿ ಕೂತಾಗಲೇ ತೀರ್ಮಾನಿಸಿ, ಮನೆ ಮುಟ್ಟಿದ ಕೂಡಲೇ ಬರೆದೆ. ಫೆಬ್ರುವರಿಯ ನಿನ್ನ ಕಾಗದ ಬಂದ ಮೇಲೆ ಹೇಳಿಬಿಡಬೇಕಿತ್ತು. ಆದರೆ ಅಷ್ಟರಲ್ಲಿ ನೀನು ಚೀಟಿಗಳ ಗುಣ ಹೇಳತೊಡಗಿದ್ದೆ. ಎಷ್ಟೋ ವರ್ಷದ ಮೇಲೆ ಒಬ್ಬರು ನನ್ನನ್ನು ‘ಟೀಚರ್’ ಎಂಬಂತೆ ಕಾಣುತ್ತಿದ್ದರು. ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಕೈನೋವು ಸುಳ್ಳು.

ನಿನ್ನೆ ಹಾವೇರಿಗೆ ಹೋಗಿ ಬಂದೆ. ಸೀಟು ರದ್ದು ಮಾಡಿಸಿದ್ದೇನೆ. ಶಿವಾನಂದ ಕಾಲಿಗೆ ಬಿದ್ದು, ಹಾಸ್ಟೆಲ್ಲು ತೋರಿಸಿದ. ಬೇಸಿಗೆ ಕ್ಲಾಸೆಂದು ರಜೆಯಲ್ಲೂ ಮಕ್ಕಳನ್ನು ಉಳಿಸಿಕೊಂಡಿದ್ದಾನೆ. ಚಿಕ್ಕ ಮಕ್ಕಳ ಕೋಣೆಯಲ್ಲಿ ಇಪ್ಪತ್ತು ಕಬ್ಬಿಣದ ಮಂಚ. ಬಾಗಿಲ ಹಿಂದೆ ಒಂದು ಹಲಗೆ. ಅದರ ಮೇಲೆ ‘ಹಾಸಿಗೆ ಒದ್ದೆ ಮಾಡುವವರು’ ಎಂದು ತಲೆಬರಹ, ಕೆಳಗೆ ಐದು ಹೆಸರು, ಹೆಸರಿನ ಮುಂದೆ ದಿನ. "ನಾಚಿಕಿ ಹತ್ತಿದ್ರ ತಾವ ಬಿಡ್ತಾವ್ರಿ ಟೀಚರ್" ಅಂದ. ಎಲ್ಲ ಅವನೇ ಬರೆದದ್ದು. ಅಚ್ಚ ದುಂಡಕ್ಷರ, ನಾನು ಕೈ ಹಿಡಿದು ತಿದ್ದಿಸಿದ್ದು. ನನ್ನ ಸೆರಗಿನಿಂದ ಆ ಹಲಗೆ ಒರೆಸಿ ಬಂದೆ. ಒರೆಸಿದರೇನು, ಇವತ್ತು ಮತ್ತೆ ಬರೆದಿರುತ್ತಾನೆ.

ಆನಂದ ಬೇರೆ ಹಾಸ್ಟೆಲ್ಲು ಹುಡುಕಬಹುದು. ನಾನು ಬಂದು ನಿನ್ನ ಮುಂದೆ, ಕೂಸಿನ ಮುಂದೆ ಅವನಿಗೆ ಹೇಳುತ್ತೇನೆ. ಬಾ ಎಂದು ಒಂದು ಗೆರೆ ಬರೆ. ನೀನು ಬರೆಯದೆ ಬರುವ ಮುಖ ನನಗಿಲ್ಲ.

ಇಂದಿರಾಬಾಯಿ


ಬ್ಯಾಡಗಿ
೯ ಜೂನ್ ೨೦೨೫

ಅತ್ತೆಯವರಿಗೆ,

ಒಂದು ತಿಂಗಳು ನಾನು ಬರೆಯಲಿಲ್ಲ. ಬಾ ಎನ್ನುವ ಗೆರೆ ಕೈಗೆ ಬರಲಿಲ್ಲ. ಈಗಲೂ ಬಂದಿಲ್ಲ. ಆದರೆ ಆದದ್ದನ್ನು ತಿಳಿಸದೆ ಇರುವುದು ಸರಿಯಲ್ಲ.

ಜೂನ್ ಒಂದು ಭಾನುವಾರವಿತ್ತು. ಇವರು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನೂರರವರೆಗೆ ಎಣಿಸಲು ಹೇಳಿದರು. ಅವಳು ನೂರಾ ನಲವತ್ತರವರೆಗೆ ಹೋದಳು, ಇವರೇ ಸಾಕು ಎಂದರು. ಬರೆಯಲು ಹೇಳಿದರು, ಎಂಟು ಮಾತು ಬರೆದಳು. ಆಮೇಲೆ ದಿನಪತ್ರಿಕೆ ಕೊಟ್ಟರು. ಸಣ್ಣ ಅಚ್ಚು, ಒತ್ತಕ್ಷರ ತುಂಬಿದ ಸಾಲು. ಎರಡು ಗೆರೆ ಓದಿ ನಿಂತಳು. ಇವರು ನನ್ನ ಕಡೆ ನೋಡಿ, "ವಾಯಿದೆ ಅಂದ್ರ ವಾಯಿದೆ. ಹಾವೇರಿ ಇಲ್ಲಂದ್ರ ಇನ್ನೊಂದು" ಎಂದರು.

ಅವಳೇ ಎದ್ದು ಹೋದಳು. ಫೈಲಿನಿಂದ ನಿಮ್ಮ ಆ ಕಾಗದ ತಂದಳು. ನಾನು ಅದನ್ನು ತಿರುಗಿ ಅಲ್ಲೇ ಇಟ್ಟಿದ್ದೆ, ಇವರಿಗೆ ಏನೂ ಹೇಳಿರಲಿಲ್ಲ. "ಅಪ್ಪಾ, ಇದು ನನಗ ಪೂರ್ತಿ ಬರ್ತದ" ಎಂದು ನಿಂತುಕೊಂಡು ಓದಿದಳು. ಹೇಸಿಗೆ ಬಂತು ಎಂಬಲ್ಲಿಂದ ಮೊದಲು ಮಾಡಿ ಕೊನೆಯವರೆಗೆ. ಇವರು "ಸಾಕು ಧನು" ಎಂದರು, ನಿಲ್ಲಿಸಲಿಲ್ಲ. "ಸಾಕವಾ" ಎಂದರು, ನಿಲ್ಲಿಸಲಿಲ್ಲ. ಓದಿ ಮುಗಿಸಿ ಪಾಸಾ ಎಂದು ಕೇಳಿದಳು. ಇವರು ಎದ್ದು ಹಿತ್ತಲಿಗೆ ಹೋದರು. ಅಂದೇ ನಾನು ಶಾಲೆಯ ಸಂಗತಿಯನ್ನೂ ಹೇಳಿದೆ. ಕೇಸಿನ ಮಾತು ಎತ್ತಲಿಲ್ಲ. ಹಾಸ್ಟೆಲ್ಲಿನ ಮಾತು ಮುಗಿಯಿತು. ಆ ಕಾಗದ ಈಗ ಫೈಲಿನಲ್ಲಿಲ್ಲ, ಎಲ್ಲಿ ಹೋಯಿತೆಂದು ನಾನು ಕೇಳಿಲ್ಲ.

ಪಾಠ ನಡೆದಿದೆ, ದಿನಕ್ಕೆ ಒಂದೂಕಾಲು ತಾಸು. ಚೀಟಿ ಕಳಿಸುವುದಾದರೆ ಕಳಿಸಿ, ಓದುತ್ತಾಳೆ. ನಿಮ್ಮನ್ನು ಬನ್ನಿ ಎನ್ನಲು ನನಗೆ ಇನ್ನೂ ಆಗುವುದಿಲ್ಲ.

ಅಜ್ಜಿಗೆ ತಾನೂ ಬರೆಯುತ್ತೇನೆಂದು ಕೂತು ಬರೆದಿದ್ದಾಳೆ. ಏನು ಬರೆಯಬೇಕೆಂದು ನಾನು ಹೇಳಿಲ್ಲ, ಬರೆದದ್ದನ್ನು ತಿದ್ದಿಯೂ ಇಲ್ಲ. ಇದರ ಜೊತೆ ಇಟ್ಟಿದ್ದೇನೆ.

ಮೃಣಾಲಿನಿ


ಅಜ್ಜಿ

ನಾನು ಧನಶ್ರೀ

ನನಗ ಓದಲಿಕ್ಕೆ ಬರತದ

ನಾನು ಈಗ ದಿನಾ ಎರಡು ಸಲ ಸ್ನಾನ ಮಾಡತೀನಿ

ಹಾಸಿಗಿ ಒದ್ದಿ ಮಾಡೂದಿಲ್ಲ

ನಾನು ನಾರೂದಿಲ್ಲ

ಬೇಕಾದರ ಬಂದು ಮೂಸಿ ನೋಡರಿ